ಕಲರ್ ಸುಬ್ಬರಾಯಪ್ಪನ ವಿಮಾನ

ಎಲ್ಲಾ ಶುರುವಾದದ್ದು ಶಂಕಗಿರಿಯಲ್ಲಿ, ಭಾವಮೈದ ಗೋವಿಂದರಾಜನ ಹೊಸ ಮನೆಯ ಗೃಹಪ್ರವೇಶದ ದಿನ. ಊಟವಾದ ಮೇಲೆ ಅವನು ಬಂದವರನ್ನೆಲ್ಲಾ ಮಹಡಿ ಹತ್ತಿಸಿ, ಬಯಲಲ್ಲಿ ಸಾಲಾಗಿ ನಿಂತಿದ್ದ ತನ್ನ ಲಾರಿಗಳನ್ನು ತೋರಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಸುಬ್ಬರಾಯಪ್ಪ ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಸೇಲಂಗೆ ವಾಪಸ್ಸಾಗುತ್ತಿದ್ದ. ಆದರೆ ಹೆಂಡತಿ ಓಡಿಸುವ ಕಾರಿನಲ್ಲಿ ಬಂದರೆ ಮರ್ಯಾದೆಯಲ್ಲ ಅಂತ ತಂದಿದ್ದ ಸ್ಕೂಟರಿಗೆ ಅವನು ಕಿಕ್ ಹೊಡೆಯುತ್ತಿದ್ದಾಗ ಗೋವಿಂದರಾಜ ಮಹಡಿಯಿಂದಲೇ ಕೂಗಿದ: "ಲೇಯ್, ನಮ್ ಬಾವನ ವಾಹನ ಬತ್ತಾ ಐತೆ, ಲಾರಿಗಳ್ನ ಓರಕ್ಕೆ ತೆಗೀರಲಾ!"

ಜನ ನಕ್ಕರು. ಅದನ್ನು ಸುಬ್ಬರಾಯಪ್ಪ ಕ್ಷಮಿಸಿಯಾನು. ಹಿಂದಿನ ಸೀಟಿನಲ್ಲಿ ಕೂತಿದ್ದ ಹೆಂಡತಿ ಅಂಜಮ್ಮನೂ ನಕ್ಕಳು. ಆ ನಗು ಬೆನ್ನಿಗೆ ತಾಗಿ ತಾಗಿ ಸೇಲಂ ಬರುವವರೆಗೂ ಸ್ಕೂಟರು ಅಲುಗಾಡಿತು. (ರಸ್ತೆ ಒಳ್ಳೇ ಹೆದ್ದಾರಿ. ಅಲುಗಾಟಕ್ಕೆ ಬೇರೆ ಕಾರಣವಿರಲಿಲ್ಲ.)

ಸುಬ್ಬರಾಯಪ್ಪ ಏನು ಸಾಮಾನ್ಯನೇ? ಸೇಲಂ ಅಮ್ಮಾಪೇಟೆಯ ಮಗ್ಗದ ಬೀದಿಗಳಲ್ಲಿ ಅವನಿಗೆ 'ಕಲರ್ ಸುಬ್ಬರಾಯಪ್ಪ' ಅಂತಲೇ ಹೆಸರು. ಅವನ ರೇಷ್ಮೆ ಸೀರೆಯ ಒಡಲಿಗೂ ಅಂಚಿಗೂ ಕೂಡುವ ಬಣ್ಣವನ್ನು ಚೆನ್ನೈ ಅಂಗಡಿಯವರು ಕಣ್ಣು ಕಿರಿದು ಮಾಡಿಕೊಂಡು ನೋಡಿ, "ಹೆಂಗೆ ಸಾರ್ ಹೊಳೀತೈತೆ ನಿಮ್ಗೆ?" ಅನ್ನುತ್ತಿದ್ದರು. ಅವನು ಹಣೆ ಮುಟ್ಟಿಕೊಂಡು ಮೇಲೆ ನೋಡುತ್ತಿದ್ದ. ನೇಕಾರರ ಸಂಘದವರು ಕರೆದು ಶಾಲು ಹೊದಿಸಿದ್ದರು. ಇಂಥ ವರ್ಣಚಕ್ರವರ್ತಿಯನ್ನು ಹಿಡಿದು ಒಬ್ಬ ಲಾರಿಯವನು ಹಾಸ್ಯ ಮಾಡುವುದೆ?

"ಅವ್ನು ನೆಲದ ಮ್ಯಾಲೆ ಓಡಾಡ್ಲಿ. ನಾನು ಅವ್ನ ತಲೆ ಮ್ಯಾಲೆ ಓಗ್ತೀನಿ," ಅಂದ ಸುಬ್ಬರಾಯಪ್ಪ.

ಅಂಜಮ್ಮ ಇದು ಮಾತಿಗೆ ಅಂದದ್ದು ಅಂದುಕೊಂಡಳು.

ಕೃಷ್ಣಗಿರಿ ಕಡೆಯ ಒಬ್ಬ ಕಲ್ಲುಕ್ವಾರಿ ಯಜಮಾನರು ತೀರಿಕೊಂಡಿದ್ದರು. ಅವರದೊಂದು ಎರಡು ಸೀಟಿನ ಪುಟ್ಟ ವಿಮಾನ ಓಮಲೂರು ಪಕ್ಕದ ಏರ್‌ಪೋರ್ಟಿನ ಶೆಡ್ಡಿನಲ್ಲಿ ಧೂಳು ಹೊದ್ದು ಮಲಗಿತ್ತು. ಅವರ ವಿಧವೆ ಚೌಕಾಸಿಯನ್ನೇ ಮಾಡಲಿಲ್ಲ. ಬೀಗದ ಕೈ ಕೊಡುವಾಗ ಆಕೆಯ ಮುಖದಲ್ಲಿ ಸವತಿಯನ್ನು ಮನೆಯಿಂದ ಆಚೆ ಕಳಿಸಿದವಳ ಕಳೆ. "ತಗೊಂಡು ಓಗಿ, ಇವತ್ತೇ ತಗೊಂಡು ಓಗಿ," ಅಂದಳು. ಸುಬ್ಬರಾಯಪ್ಪ ಅದನ್ನು ಔದಾರ್ಯ ಅಂದುಕೊಂಡ.

ಮನೆಯಲ್ಲಿ ಅಂಜಮ್ಮ ಕೇಳಿದಳು: "ಏನ್ರೀ, ಕೊಂಡಲಾಂಪಟ್ಟಿ ಸೈಟು ಮಾರಿದ್ರಂತೆ? ಅಲ್ಲಿ ಮನೆ ಕಟ್ಟಾಣ ಅಂತ ಎಷ್ಟು ವರ್ಷದಿಂದ ಅಂತಿದ್ದೆ ನಾನು?"

"ಸೈಟಿಗೆ ರೆಕ್ಕೆ ಬಂತು ಅಂತ ತಿಳ್ಕೋ."

"ನಿಮ್ಗೆ ಕಾರೇ ಓಡ್ಸಕ್ಕೆ ಬರಲ್ಲ! ನಾನೇ ತಾನೆ ಓಡ್ಸೋದು?"

"ಕಾರು ಬೇರೆ, ಪ್ಲೇನು ಬೇರೆ. ಆಕಾಶದಾಗೆ ಎದ್ರಿಗೆ ಧರ್ಮಪುರಿ ಬಸ್ಸು ಬತ್ತೈತಾ?"

ಅಂಜಮ್ಮ ಒಳಗೆ ಹೋಗಿ ಪಾತ್ರೆ ತೊಳೆದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮಾರನೇ ದಿನ ಅಕ್ಕನ ಮನೆಗೆ ಅಂತ ಮೊರಪ್ಪೂರಿಗೆ ರೈಲು ಹತ್ತಿದಳು.

ಅವಳಿಲ್ಲದ ಸಮಯ ನೋಡಿ ಸುಬ್ಬರಾಯಪ್ಪ ವಿಮಾನಕ್ಕೆ ಹೊಸ ಬಣ್ಣ ಹೊಡೆಸಿದ. ಗಾಂಭೀರ್ಯ ಬೇಕು, ಆನೆಯ ಮೈಬಣ್ಣ ಇರಲಿ ಅಂತ ಪೇಂಟಿನವನ ಕಾರ್ಡು ಹಿಡಿದು, ನೋಡಿ ನೋಡಿ, ಒಂದರ ಮೇಲೆ ಬೆರಳಿಟ್ಟ. ಪೇಂಟಿನವನು, "ಇದೇನಾ ಸಾರ್? ನಿಜವಾಗ್ಲೂ ಇದೇನಾ?" ಅಂತ ಕೇಳಿದ. "ನನ್ಗೇ ಬಣ್ಣ ಏಳ್ಕೊಡ್ತೀಯಾ?" ಅಂದ ಸುಬ್ಬರಾಯಪ್ಪ. ಅಂದಿನಿಂದ ಶೆಡ್ಡಿನ ಹುಡುಗರೆಲ್ಲಾ ಅವನ ವಿಮಾನಕ್ಕೆ 'ಪಂಜು ಮಿಟ್ಟಾಯಿ' ಅನ್ನತೊಡಗಿದರು. (ಕಡ್ಡಿಗೆ ಸುತ್ತಿ ಮಾರುವ ಬೊಂಬಾಯಿ ಮಿಠಾಯಿಗೆ ಆ ಕಡೆ ಹಾಗನ್ನುತ್ತಾರೆ.) ತೂಕ ಕಡಿಮೆ ಅಂತ ಹಾಗನ್ನುತ್ತಾರೆ ಅಂತ ಅವನಿಗೆ ಹೆಮ್ಮೆ.

ಮೊರಪ್ಪೂರಿನಿಂದ ಬಂದ ಅಂಜಮ್ಮ ವಿಮಾನದ ಮುಂದೆ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಎಂಗೈತೆ?"

"ಐತೆ."

"ಗಂಭೀರವಾಗೈತಲ್ವಾ?"

"ಬಾಳಾ ಗಂಭೀರ," ಅಂದಳು ಅಂಜಮ್ಮ, ಸೆರಗಿನೊಳಗಿಂದಲೇ.

ವಿಮಾನ ಸಾಕುವುದೆಂದರೆ ಹಾಲು ಕೊಡದ ಎಮ್ಮೆ ಸಾಕಿದ ಹಾಗೆ. ಹಾರಿದರೂ ತಿನ್ನುತ್ತದೆ, ಹಾರದಿದ್ದರೂ ತಿನ್ನುತ್ತದೆ. ನಿಂತ ಜಾಗಕ್ಕೆ ಬಾಡಿಗೆ. ಹಾರದೆ ನಿಂತರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ ಅಂತ ಅದನ್ನು ತಳ್ಳಿ ತಿರುಗಿಸುವುದು. ಗಾಳಿಯ ವೇಗ ಅಳೆಯಲು ರೆಕ್ಕೆಯಡಿ ಒಂದು ಸಣ್ಣ ಕೊಳವೆ ಇರುತ್ತದೆ. ಅದರಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತು. ಆ ಮಣ್ಣು ತೆಗೆದು ರುಜು ಹಾಕಲು ಬೆಂಗಳೂರಿನಿಂದ ಇಂಜಿನಿಯರು ಬರಬೇಕು, ಬಂದವರಿಗೆ ಬಿರಿಯಾನಿ ಆಗಬೇಕು. ನಾಲ್ಕು ಮಗ್ಗಗಳ ದುಡಿಮೆ ಆ ಕೊಳವೆಯೊಳಗೆ ಹೋಗತೊಡಗಿತು.

ಸುಬ್ಬರಾಯಪ್ಪನಿಗೆ ಅದರ ಚಿಂತೆಯಿಲ್ಲ. ಅವನು ಮನೆಯ ಉಯ್ಯಾಲೆಯ ಮೇಲೆ ಕೂತು, ಕೈಯಲ್ಲಿ ಜರಡಿ ಹಿಡಿದು ತಿರುಗಿಸುತ್ತಾ ಅಭ್ಯಾಸ ಮಾಡುತ್ತಿದ್ದ. "ಟವರ್, ಟವರ್! ಇಳಿಯಕ್ಕೆ ಪರ್ಮಿಷನ್ ಕೊಡಿ!"

"ಮೊದ್ಲು ಜರಡಿ ಕೊಡಿ, ರವೆ ಜರಡಿ ಹಿಡೀಬೇಕು," ಅಂತ ಅಡಿಗೆಮನೆಯ ಟವರಿನಿಂದ ಉತ್ತರ.

ಹಾರಾಟ ಕಲಿಸಲು ಒಪ್ಪಿದವರು ಕ್ಯಾಪ್ಟನ್ ತಮಿಳ್‌ಸೆಲ್ವನ್ ಅಂತ ಒಬ್ಬ ನಿವೃತ್ತರು. ಅವರು ಕನ್ನಡ ತಮಿಳು ಕಲಸಿ ಹೇಳಿದರು: "ಸಾರ್, ಮೊದ್ಲು ಮೆಡಿಕಲ್. ಅಪ್ಪುರಂ ಪ್ಲೇನು. ನೀವು ಪ್ಲೇನು ಮೊದ್ಲು ತಗೊಂಡ್ಬಿಟ್ಟಿದ್ದೀರ. ಪರವಾಯಿಲ್ಲೆ."

ಮೆಡಿಕಲ್ಲಿಗೆ ಐದು ರಸ್ತೆ ಸರ್ಕಲ್ಲಿನ ಹತ್ತಿರದ ಕಣ್ಣಿನ ಡಾಕ್ಟರ ಬಳಿ ಹೋಗುವಾಗ ಅಂಜಮ್ಮ, "ನಾನೂ ಬತ್ತೀನಿ," ಅಂತ ಹಟ ಹಿಡಿದಳು. ಗಂಡನ ಮೇಲೆ ಇಷ್ಟು ಪ್ರೀತಿಯೇ ಅಂತ ಅವನು ಉಬ್ಬಿದ. ಡಾಕ್ಟರಮ್ಮ ಒಂದು ಪುಸ್ತಕ ತೆರೆದು ಮುಂದಿಟ್ಟಳು. ಹಾಳೆ ತುಂಬಾ ಬಣ್ಣದ ಚುಕ್ಕಿ.

"ಇದ್ರಲ್ಲಿ ಯಾವ ನಂಬರ್ ಕಾಣುತ್ತೆ?"

ಸುಬ್ಬರಾಯಪ್ಪ ನೋಡಿದ. ಹಿಂದಿನಿಂದ ಒಂದು ಕೆಮ್ಮು, ಕೆಮ್ಮಿನೊಳಗೆ ಒಂದು ಪಿಸುಮಾತು: "ಎಪ್ಪತ್ನಾಕು."

"ಎಪ್ಪತ್ನಾಲ್ಕು," ಅಂದ ಸುಬ್ಬರಾಯಪ್ಪ.

ಇನ್ನೊಂದು ಹಾಳೆ. ಇನ್ನೊಂದು ಕೆಮ್ಮು. "ಆರು."

ಡಾಕ್ಟರಮ್ಮ ತಲೆಯೆತ್ತಿದಳು. "ಅಮ್ಮಾ, ನೀವು ಸ್ವಲ್ಪ ಆಚೆ ಕೂತ್ಕೊಳ್ಳಿ."

ಅಂಜಮ್ಮ ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ಮೊದಲ ದಿನ ಸ್ಕೂಲಿಗೆ ಬಿಟ್ಟ ಮಗುವನ್ನು ನೋಡುವ ಹಾಗಿತ್ತು ಆ ನೋಟ. ಬಾಗಿಲು ಮುಚ್ಚಿತು. ಮುಂದಿನ ಹಾಳೆಯಲ್ಲಿ ಚುಕ್ಕಿಗಳಿದ್ದವು. ಅದರ ಮುಂದಿನದರಲ್ಲೂ ಚುಕ್ಕಿಗಳಿದ್ದವು. ಸುಬ್ಬರಾಯಪ್ಪ ಕನ್ನಡಕ ಒರೆಸಿಕೊಂಡ. ಚುಕ್ಕಿಗಳು ಸ್ವಚ್ಛವಾಗಿ ಕಂಡವು, ನಂಬರು ಮಾತ್ರ ಬರಲಿಲ್ಲ.

"ನಿಮ್ಗೆ ಕೆಂಪು ಹಸಿರು ವ್ಯತ್ಯಾಸ ಗೊತ್ತಾಗಲ್ಲ. ಹುಟ್ಟಿನಿಂದಲೇ ಇರುತ್ತೆ. ಪೈಲಟ್ ಲೈಸೆನ್ಸ್ ಸಿಗಲ್ಲ, ಸಾರಿ," ಅಂದಳು ಡಾಕ್ಟರಮ್ಮ. "ಏನು ಕೆಲಸ ಮಾಡ್ತೀರಿ?"

"ರೇಷ್ಮೆ ಸೀರೆಗೆ ಕಲರ್ ಡಿಸೈನು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

ಕಾರಿನಲ್ಲಿ ಅವನು ಕೂಗಾಡಿದ. ಆ ಪುಸ್ತಕ ಹಳೇದು, ಪ್ರಿಂಟು ಮಾಸಿದೆ, ಡಾಕ್ಟರಮ್ಮನಿಗೆ ಬಣ್ಣದ ಗಂಧವಿಲ್ಲ. ಅಂಜಮ್ಮ ಗೇರು ಬದಲಿಸುತ್ತಾ ರಸ್ತೆ ನೋಡುತ್ತಿದ್ದಳು. ಅವಳಿಗೆ ಆಶ್ಚರ್ಯವೇ ಆಗದಿದ್ದದ್ದು ಅವನಿಗೆ ಯಾಕೋ ಸರಿಕಾಣಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಮದ್ವೆ ಆದ ಮೂರ್ನೇ ದಿನವೇ. ನಾನು ಅರಗಿನ ಕೆಂಪು ಬಣ್ಣದ ಸೀರೆ ಉಟ್ಕೊಂಡಿದ್ದೆ. ನೀವು, ಈ ಹಸ್ರು ನಿಂಗೆ ಒಪ್ತೈತೆ ಅಂದ್ರಿ."

"ಅಂಗಾರೆ ಸೀರೆಗಳು? ಇಷ್ಟು ವರ್ಷ ನಾನು ಏಳಿದ ಬಣ್ಣ?"

"ನೀವು ಏಳ್ತಿದ್ರಿ, ಅಷ್ಟೇ," ಅಂದಳು ಅಂಜಮ್ಮ.

ಅವನು ಮನೆಗೆ ಹೋಗಲಿಲ್ಲ. ದಾರಿಯಲ್ಲೇ ಇಳಿದು, ನೂಲಿಗೆ ಬಣ್ಣ ಹಾಕುವ ನಾರಪ್ಪನ ಕಾರ್ಖಾನೆಗೆ, ಅಂದರೆ ಪಟ್ಟರೆಗೆ, ನಡೆದ. ನಾರಪ್ಪ ಕೊಪ್ಪರಿಗೆಯಲ್ಲಿ ರೇಷ್ಮೆಯ ಲಡಿ ಅದ್ದುತ್ತಿದ್ದವನು ಕೈ ಒರೆಸಿಕೊಂಡು ಎದ್ದು ನಿಂತ.

"ನಾರಪ್ಪಾ, ನಿಜ ಏಳು. ನಾನು ಬಂದು ಕಲರ್ ಏಳಿ ಓದ್ಮೇಲೆ ನೀನು ಏನ್ ಮಾಡ್ತಿದ್ದೆ?"

ನಾರಪ್ಪ ಕೊಪ್ಪರಿಗೆ ನೋಡಿದ, ಛಾವಣಿ ನೋಡಿದ. "ಅಣ್ಣಾ... ಅಂಜಮ್ಮಕ್ಕನಿಗೆ ಫೋನ್ ಹಾಕ್ತಿದ್ದೆ."

"ಪ್ರತೀ ಸಲವೂ?"

"ಒಂದ್ಸಲ ಮಾತ್ರ ಹಾಕ್ಲಿಲ್ಲ ಅಣ್ಣಾ. ಅಕ್ಕನಿಗೆ ಜ್ವರ. ಆ ಸೀರೆಗಳು ಇನ್ನೂ ನಿಮ್ ಗೋಡೌನಾಗೇ ಅವೆ."

ಪಟ್ಟರೆಯ ಹೆಂಗಸರು ತಲೆ ತಗ್ಗಿಸಿಕೊಂಡು ನೂಲು ಬಿಡಿಸುತ್ತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಎಲ್ಲರಿಗೂ ಎಂದಿನಿಂದಲೋ ಗೊತ್ತಿದ್ದ ಸಂಗತಿ, ನಗುವಷ್ಟು ಹೊಸದಾಗಿರಲಿಲ್ಲ.

ಮನೆಗೆ ಬಂದವನು ಉಯ್ಯಾಲೆಯ ಮೇಲೆ ಕೂತ. ಅಂಜಮ್ಮ ಕಾಫಿ ತಂದಿಟ್ಟಳು.

"ಯಾಕೆ ಏಳ್ಲಿಲ್ಲ? ಊರೆಲ್ಲಾ ನನ್ನ ಮಂಗ ಮಾಡ್ಬಿಟ್ಟೆ!"

ಅವಳ ದನಿ ಆಗ ಏರಿತು. "ಏಳಿದ್ರೆ? ನಮ್ ಮನೆ ಹೆಂಗ್ಸು ಬಣ್ಣದ ಪಟ್ಟರೆಗೆ ಕಾಲಿಡ್ಬಾರ್ದು ಅಂತ ನಿಮ್ಮಪ್ಪ ಬಾಗ್ಲಾಗೇ ನಿಲ್ಸಿದ್ರು ನನ್ನ. ನೀವು ಪಕ್ಕದಾಗೆ ನಿಂತ್ಕೊಂಡು ತಲೆ ಆಡಿಸ್ತಿದ್ರಿ. ನಿಮ್ ಹೆಸ್ರು ಇದ್ದಿದ್ದಕ್ಕೇ ನಂಗೆ ಬಣ್ಣ ಸಿಕ್ತು. ನಿಮ್ಗೆ ಏಳಿ, ನೀವು ಕೋಪ ಮಾಡ್ಕೊಂಡು ಬೇರೆ ಗಂಡಸನ್ನ ಕೆಲ್ಸಕ್ಕೆ ಇಟ್ಕೊಂಡಿದ್ರೆ, ನಾನೇನು ರವೆ ನೋಡ್ಕೊಂಡು ಕೂತಿರ್ಬೇಕಿತ್ತಾ?"

ಸುಬ್ಬರಾಯಪ್ಪ ಉಯ್ಯಾಲೆಯನ್ನು ಕಾಲಲ್ಲಿ ತಡೆದು ಕೇಳಿದ: "ಸಂಘದೋರು ಹೊದ್ಸಿದ ಶಾಲು... ಅದು ಯಾವ ಬಣ್ಣ?"

"ಈಗ್ಯಾಕೆ ಬಿಡಿ ಅದು."

"ಪ್ಲೇನು?"

"ರೋಜಾ ಬಣ್ಣ. ಬೊಂಬಾಯಿ ಮಿಠಾಯಿ ಇರ್ತೈತಲ್ಲ, ಅಂಗೆ."

ಅವನು ಕಾಫಿ ಕುಡಿಯಲಿಲ್ಲ.

ವಿಮಾನವನ್ನು ಕೊಳ್ಳುವವರು ಯಾರೂ ಸಿಗಲಿಲ್ಲ. ಕ್ವಾರಿಯವರ ವಿಧವೆ ಫೋನನ್ನೇ ಎತ್ತಲಿಲ್ಲ. ಒಂದು ದಿನ ಕ್ಯಾಪ್ಟನ್ ತಮಿಳ್‌ಸೆಲ್ವನ್, "ಸುಮ್ನೆ ನಿಂತ್ರೆ ಇಂಜಿನ್ ಕೆಡುತ್ತೆ, ಬನ್ನಿ ಅಮ್ಮಾ, ಒಂದು ರೌಂಡು," ಅಂತ ಅಂಜಮ್ಮನನ್ನು ಕೂರಿಸಿಕೊಂಡು ಹಾರಿದರು. ಇಳಿದಾಗ ಅವಳ ಕೂದಲು ಕೆದರಿತ್ತು, ಕಣ್ಣು ಬೇರೆಯಾಗಿತ್ತು. ಅವಳಿಗೆ ಗಂಡನ ಹೆಸರು ಹಿಡಿದು ಕರೆಯುವ ಅಭ್ಯಾಸವಿರಲಿಲ್ಲ, ಅವತ್ತು 'ಏನ್ರೀ' ಅನ್ನುವುದನ್ನೂ ಮರೆತಳು. ನೆಟ್ಟಗೆ ಕ್ಯಾಪ್ಟನ್ ಕಡೆ ತಿರುಗಿ ಕೇಳಿದಳು: "ಕಲಿಯಕ್ಕೆ ಎಷ್ಟು ಓದಿರ್ಬೇಕು?"

"ಟೆಂತ್ ಸಾಕು ಅಮ್ಮಾ."

"ನಾನು ಪ್ಲಸ್ ಟೂ," ಅಂದಳು ಅಂಜಮ್ಮ.

ಚುಕ್ಕಿ ಪುಸ್ತಕದ ನಂಬರುಗಳನ್ನೆಲ್ಲಾ ಅವಳು ಒಂದೇ ಉಸಿರಿಗೆ ಓದಿದಳು. ಅಡಿಗೆಮನೆಯ ಡಬ್ಬಗಳ ನಡುವೆ ಹವಾಮಾನದ ಪುಸ್ತಕ ಒರಗಿತು. ಸಾರು ಕುದಿಯುವಾಗ ಅವಳು ಇಂಗ್ಲಿಷಿನಲ್ಲಿ ಮೋಡಗಳ ಹೆಸರು ಹೇಳುತ್ತಿದ್ದಳು. ಸುಬ್ಬರಾಯಪ್ಪ ರವೆ ಜರಡಿ ಹಿಡಿಯಲು ಕಲಿತ. ಅವನಿಗೆ ಒಂದೇ ಆಸೆ ಉಳಿದಿತ್ತು. ಓಡಿಸದಿದ್ದರೂ ಪರವಾಗಿಲ್ಲ, ಪಕ್ಕದ ಸೀಟಿನಲ್ಲಾದರೂ ಕೂತು ಒಂದೇ ಒಂದು ಸಲ ಶಂಕಗಿರಿಯ ಆ ಮಹಡಿಯ ಮೇಲೆ ಹಾದುಹೋಗಬೇಕು. ಅದಕ್ಕೆಂದು ಹೆಗಲ ಮೇಲೆ ಪಟ್ಟಿ ಇರುವ ಬಿಳಿ ಅಂಗಿ ಹೊಲಿಸಿ ಇಸ್ತ್ರಿ ಮಾಡಿಸಿಟ್ಟ. (ಬಿಳಿಯಲ್ಲಿ ಮೋಸವಿಲ್ಲ ಅಂತ ಈಗ ಅವನಿಗೆ ಬಿಳಿಯ ಮೇಲೆ ಮಾತ್ರ ನಂಬಿಕೆ.)

ಅಂಜಮ್ಮನಿಗೆ ಲೈಸೆನ್ಸು ಬಂತು. ಮೊದಲ ಸಲ ಜೊತೆಗೆ ಒಬ್ಬರನ್ನು ಕೂರಿಸಿಕೊಂಡು ಹಾರುವ ದಿನ ಗೊತ್ತಾಯಿತು. ಬೆಳಿಗ್ಗೆ ಸುಬ್ಬರಾಯಪ್ಪ ಬಿಳಿ ಅಂಗಿ ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ಗೋವಿಂದರಾಜನಿಗೆ ತಾನೇ ಫೋನು ಮಾಡಿ ಮಹಡಿ ಹತ್ತಿ ನಿಲ್ಲಲು ಹೇಳಿ, ಶೆಡ್ಡಿಗೆ ಬಂದ. ವಿಮಾನದ ಪಕ್ಕದ ಸೀಟಿನಲ್ಲಿ ಬಣ್ಣದ ಕಲೆಯ ಲುಂಗಿಯುಟ್ಟ ನಾರಪ್ಪ ಬೆಲ್ಟು ಬಿಗಿಸಿಕೊಂಡು ಕೂತಿದ್ದ.

"ಅವ್ನ್ಯಾಕೆ ಅಲ್ಲಿ?"

"ಮೇಲಿಂದ ಮೇಟೂರು ಡ್ಯಾಮಿನ ನೀರು, ಎಳ್ಳು ಹೊಲ, ಸುಣ್ಣದಕಲ್ಲಿನ ಗುಡ್ಡ ಒಂದೊಂದೂ ಎಂಥದೋ ಬಣ್ಣ ಕಾಣ್ತಾವೆ ಕಣ್ರೀ. ಬಾಯಲ್ಲಿ ಏಳಕ್ಕೆ ಬರಲ್ಲ. ನಾರಪ್ಪ ಕಣ್ಣಾರೆ ನೋಡಿದ್ರೆ ನೂಲಿಗೆ ತರ್ತಾನೆ."

"ನಾನು ಬರ್ಬೇಕಲ್ಲ ಅಂಜಮ್ಮ?"

"ನೀವು ಬಂದು ಏನ್ ನೋಡ್ತೀರಿ?" ಅಂದಳು.

ಅವಳ ದನಿಯಲ್ಲಿ ಕೋಪವಿರಲಿಲ್ಲ, ಸೇಡಿರಲಿಲ್ಲ. ಮಳೆ ಬರುತ್ತಾ ಅಂತ ಕೇಳಿದ ಹಾಗೆ ನಿಜವಾಗಿ ಕೇಳಿದ್ದಳು. ಬಾಗಿಲು ಹಾಕಿಕೊಂಡಳು. ರೋಜಾ ಬಣ್ಣದ್ದು ಅಂತ ಎಲ್ಲರೂ ಹೇಳುವ ವಿಮಾನ ಓಡಿ, ಎದ್ದು, ಏರ್ಕಾಡು ಬೆಟ್ಟಕ್ಕೆ ಬೆನ್ನು ಹಾಕಿ ಮೇಟೂರು, ಶಂಕಗಿರಿಯ ಕಡೆ ತಿರುಗಿತು. ಸ್ವಲ್ಪ ಹೊತ್ತಿಗೆ ಗೋವಿಂದರಾಜನ ಫೋನು: "ಬಾವ! ಏನ್ ಬಾವ! ನಮ್ ತಲೆ ಮ್ಯಾಲೇ ಓದ್ರಿ! ಕೈ ಬೀಸ್ದೆ, ಕಂಡ್ತಾ?"

"ಕಂಡ್ತು," ಅಂದ ಸುಬ್ಬರಾಯಪ್ಪ, ಶೆಡ್ಡಿನ ನೆರಳಲ್ಲಿ ನಿಂತು.

ಇಳಿದ ನಾರಪ್ಪನ ಕಣ್ಣಲ್ಲಿ ನೀರು. "ಅಣ್ಣಾ, ಆ ಮೇಟೂರು ನೀರಿನ ಅಂಚು, ಅದು ನವಿಲುಗರಿ ಒಳಗಿನ..." ಅಂತ ಶುರು ಮಾಡಿದವನು ಯಾರ ಜೊತೆ ಮಾತಾಡುತ್ತಿದ್ದೇನೆ ಅನ್ನುವುದು ನೆನಪಾಗಿ, ಬಾಯಿ ಮುಚ್ಚಿ, ಮರ್ಯಾದೆಯಿಂದ ಪಕ್ಕಕ್ಕೆ ಸರಿದ. ಅಕ್ಕನ ಜೊತೆ ಕಾರಿನ ಕಡೆ ನಡೆಯುತ್ತಾ ಮಾತು ಮುಂದುವರಿಸಿದ. ಅಂಜಮ್ಮ ತಿರುಗಿ ಕೂಗಿದಳು: "ಏನ್ರೀ, ಪ್ಲೇನು ಇವತ್ತು ಆಚೇನೇ ಇರ್ಲಿ, ಹೊದಿಕೆ ಹಾಕ್ಬಿಟ್ಟು ಬನ್ನಿ. ಕೆಂಪು ಕಡೆ ಮೇಲಕ್ಕೆ ಬರ್ಲಿ. ಹಸ್ರು ಕಡೆ ಬಿಸ್ಲಿಗೆ ಹಾಕಿದ್ರೆ ಬಣ್ಣ ಓಗ್ತೈತೆ!"

ಸುಬ್ಬರಾಯಪ್ಪ ಹೊದಿಕೆ ಬಿಚ್ಚಿದ. ಈ ಕಡೆ ನೋಡಿದ, ಮಗುಚಿ ಆ ಕಡೆ ನೋಡಿದ. ಎರಡೂ ಕಡೆ ಒಣಗಿದ ಕೆರೆಯ ಮಣ್ಣಿನ ಬಣ್ಣವೇ. ಶೆಡ್ಡಿನಲ್ಲಿ ವಾಚ್‌ಮನ್ ಒಬ್ಬನೇ ಇದ್ದ. ಐವತ್ತು ದಾಟಿದ ಮೇಲೆ ಜೀವಮಾನದಲ್ಲಿ ಮೊದಲ ಸಲ ಸುಬ್ಬರಾಯಪ್ಪ ಹೊರಗಿನವರೊಬ್ಬರನ್ನು ಬಣ್ಣ ಕೇಳಿದ, ದನಿ ತಗ್ಗಿಸಿ, ತಮಿಳಿನಲ್ಲಿ, ಇದರಲ್ಲಿ ಕೆಂಪು ಯಾವುದು ಅಂತ.

ವಾಚ್‌ಮನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಲರ್ ಸಾರೇ ನನ್ನ ಕೇಳ್ತಾರಪ್ಪಾ!" ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾ, ಕೀಲಿಕೈ ಗೊಂಚಲು ಆಡಿಸಿಕೊಂಡು, ಗೇಟು ಹಾಕಲು ಹೊರಟೇ ಹೋದ.

ಸುಬ್ಬರಾಯಪ್ಪ ಕಣ್ಣು ಮುಚ್ಚಿ ಹೊದಿಕೆಯನ್ನು ವಿಮಾನದ ಮೇಲೆ ಎಸೆದ.