ನಾನು ಮಾಡಿದ ಜೋಡೆತ್ತು

ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಉಪ್ಪಿನಬೆಟಗೇರಿಯ ನಮ್ಮ ಮಾವನವರು ಕುಂಬಾರರ ಕೈಯಿಂದ ಮಾಡಿಸಿದ ಒಂದು ಜೋಡಿ ಎತ್ತು ತಂದುಕೊಡುವುದು ವಾಡಿಕೆ. ಈ ವರ್ಷ ನಾನೇ ಫೋನ್ ಮಾಡಿದೆ.

"ಮಾವಾರ, ಈ ಸಲ ನೀವು ಬರೀಗೈಲೆ ಬರ್ರಿ. ಎತ್ತು ನಾನ ಮಾಡ್ತೇನಿ."

ಆ ಕಡೆಯಿಂದ ಮಾವನವರು "ನೀವ?" ಎಂದರು.

ಈ "ನೀವ?" ನನಗೆ ಹೊಸದಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಅವರು ಹೊಲಕ್ಕೆ, ಎತ್ತಿಗೆ, ನನ್ನ ಹೆಂಡತಿ ಮಾಡಿದ ಎಣ್ಣೆಗಾಯಿಗೆ, ಕೊನೆಗೆ ನಮ್ಮ ಓಣಿಯ ನಾಯಿಗೂ "ಛಲೋ" ಅಂದಿದ್ದಾರೆ. ನನಗೆ ಅಂದಿಲ್ಲ. ಅದನ್ನೊಮ್ಮೆ ಅನ್ನಿಸಿಕೊಳ್ಳಬೇಕೆಂಬುದೇ ನನ್ನೊಳಗಿನ ಕಲಾವಿದನ ಏಕೈಕ ಹಂಬಲ. ಅಲ್ಲದೆ, ವಿದ್ಯಾನಗರದಲ್ಲಿ ಎರಡು ಭಾನುವಾರ ಶಿಲ್ಪಕಲೆಯ ಶಿಬಿರಕ್ಕೆ ಹೋಗಿ ಬಂದವನು ನಾನು. ಮೂರನೆಯ ಭಾನುವಾರ ಹೋಗಲಿಲ್ಲ. ಕಲಿಯುವುದು ಇನ್ನೇನೂ ಉಳಿದಿಲ್ಲವೆನಿಸಿತ್ತು.

ಬೆಂಗೇರಿಯ ಆಚೆಯ ಹೊಲದಿಂದ ಒಂದು ಬುಟ್ಟಿ ಎರೆಮಣ್ಣು ತಂದೆ. ಕುಂಬಾರರ ಎತ್ತುಗಳಿಗೆ ಕಾಲು ಗಿಡ್ಡ, ದಪ್ಪ. ಅದು ಅವರ ಅಜ್ಞಾನವೆಂದು ತೀರ್ಮಾನಿಸಿ, ನಿಜವಾದ ಎತ್ತಿಗಿರುವಂತೆ ಉದ್ದನೆಯ ತೆಳು ಕಾಲುಗಳನ್ನಿಟ್ಟೆ. ಎತ್ತುಗಳು ಹನ್ನೊಂದು ನಿಮಿಷ ನಿಂತವು!

ಪಕ್ಕದ ಮನೆಯ ಖಾದರಸಾಬರು ಗ್ಯಾರೇಜು ನಡೆಸುವವರು. ಕಂಪೌಂಡಿನ ಮೇಲಿಂದ ಇಣುಕಿ ಗಂಭೀರವಾಗಿ ಪರೀಕ್ಷಿಸಿದರು.

"ಸರ, ಮುಂದಿನ ಶಾಕ್ ಅಬ್ಸಾರ್ಬರ್ ಹೋಗ್ಯಾವ್ರಿ."

ಕೂತ ಎತ್ತೂ ಎತ್ತೇ ಎಂದು ಕಾಲುಗಳನ್ನು ತೆಗೆದುಹಾಕಿದೆ. ಬೇಗ ಒಣಗಲೆಂದು ಹೊಟ್ಟೆಯನ್ನು ಟೊಳ್ಳು ಮಾಡಿ ಬಿಸಿಲಿಗಿಟ್ಟೆ. ಮೈತುಂಬ ಬಿರುಕು ಬಿಟ್ಟಿತು. ಬಿರುಕು ಮುಚ್ಚಲೆಂದು ಒದ್ದೆ ಬಟ್ಟೆ ಹೊದಿಸಿದೆ. ಬೆನ್ನು ಒಳಗೆ ಕುಸಿಯಿತು, ಕೋಡು ಕಳಚಿತು, ತಲೆಗಳೂ ಉದುರಿದವು.

ಅಷ್ಟರಲ್ಲಿ ಹಬ್ಬದ ದಿನವೇ ಬಂತು. ಹೆಂಡತಿ ಸುಮಂಗಲಾ ಅಡುಗೆಮನೆಯಿಂದ ಹೊರಬಂದಳು.

"ರೀ, ಕಡಬು ಆಗ್ಯಾವು. ಲಗೂನ ಬಜಾರಕ್ಕ ಹೋಗಿ ಒಂದು ಜೋಡಿ ತಂದುಬಿಡ್ರಿ. ಅಪ್ಪಗ ನಾ ಏನೂ ಹೇಳೂದಿಲ್ಲ."

"ಕಲಾದಾಗ ರಾಜಿ ಇಲ್ಲ," ಎಂದೆ.

"ಹಂಗಾರ ತಲಿಯರ ಇಡ್ರಿ!"

"ಅದನ್ನ ನೋಡೋರ ಕಲ್ಪನೆಗೆ ಬಿಟ್ಟೇನಿ."

ಮಾವನವರು ಬಂದರು. ಕೈಕಾಲು ತೊಳೆದು ದೇವರ ಜಗಲಿಯ ಮುಂದೆ ಕೂತರು. ಮಣೆಯ ಮೇಲಿದ್ದ ನನ್ನ ಜೋಡಿಯಲ್ಲಿ ಒಂದನ್ನು ಕೈಗೆತ್ತಿಕೊಂಡು, ದನದ ಸಂತೆಯಲ್ಲಿ ನೋಡುವ ಹಾಗೆ ಸುತ್ತಲೂ ತಿರುಗಿಸಿ ನೋಡಿದರು. ಬೆರಳಿನಿಂದ ಬಡಿದು ನೋಡಿದರು.

"ಛಲೋ ಆಗ್ಯಾವ," ಎಂದರು.

ಇಪ್ಪತ್ತೆರಡು ವರ್ಷ! ಸುಳ್ಳೇಕೆ ಹೇಳಲಿ, ಖಾದರಸಾಬರಿಗೂ ಕೇಳಿಸಲೆಂದು ಕಿಟಕಿ ತೆರೆದೆ. ಸುಮಂಗಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂತೋಷಕ್ಕೆ ಎಂದುಕೊಂಡೆ.

"ಅಂಚು ದಪ್ಪ ಬಿಟ್ಟೀರಿ, ಮೇವು ಚೆಲ್ಲೂದಿಲ್ಲ," ಎಂದು ಮಾವನವರು ಮುಂದುವರಿಸಿದರು. "ಆದ್ರ ಅಳಿಯಾರ, ಒಂದು ಜೋಡಿ ಎತ್ತಿಗೆ ಮೇವು ಹಾಕಾಕ ಎರಡು ಗ್ವಾದಲಿ ಯಾಕ ಮಾಡಿದ್ರಿ? ಇರಲಿ. ಇನ್ನ ಎತ್ತು ತರ್ರಿ, ಪೂಜಾ ಮಾಡೂಣು."

ಸುಮಂಗಲಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಒಂದೊಂದಕ್ಕ ಒಂದೊಂದು ಇರಲಿ ಅಂತ, ಮಾವಾರ," ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಎತ್ತು ಕೊಳ್ಳಲು ಬಜಾರಿಗೆ ಹೊರಟೆ. "ಛಲೋ" ಮಾತ್ರ ವಾಪಸು ಕೊಡಲಿಲ್ಲ!