ಸ್ಟೋವ್ ಕುದಿಸಿದ ಕಾಕಾ

ನಮ್ಮ ಕಾಕಾನನ್ನು ಕೂರಿಸಬಲ್ಲ ಕುರ್ಚಿಯನ್ನು ಹಳಿಯಾಳ ತಾಲೂಕಿನ ಯಾವ ಬಡಿಗನೂ ಇನ್ನೂ ಮಾಡಿರಲಿಲ್ಲ! ಕುರ್ಚಿ ಕೊಟ್ಟರೆ ಕೂರುವುದು ಒತ್ತಟ್ಟಿಗಿರಲಿ, ಮೊದಲು ಅದನ್ನು ಬೋರಲು ಹಾಕಿ ಕಾಲು ಅಲ್ಲಾಡುತ್ತವೆಯೋ ಎಂದು ನೋಡುತ್ತಿದ್ದ. ಅಲ್ಲಾಡದಿದ್ದರೆ ಅಲ್ಲಾಡುವವರೆಗೂ ನೋಡುತ್ತಿದ್ದ. ಊಟಕ್ಕೆ ಕೂತರೆ ಎರಡು ತುತ್ತಿನ ನಡುವೆ ಎದ್ದು ಕಿಟಕಿಯ ಅಗಳಿ ಸರಿಮಾಡಿ ಬರುತ್ತಿದ್ದ. ನಿದ್ದೆಯ ಮಾತಂತೂ ಕೇಳಲೇಬೇಡಿ. ನಡುರಾತ್ರಿ ಎಚ್ಚರವಾದರೆ ಎಲ್ಲೋ ಒಂದು ಇಕ್ಕಳದ ಕಿಟಿಕಿಟಿ ಸದ್ದು ಇದ್ದೇ ಇರುತ್ತಿತ್ತು. ಇಲಿಯೋ ಕಾಕಾನೋ ಎಂದು ನಾನು ಯೋಚಿಸುವುದನ್ನೇ ಬಿಟ್ಟಿದ್ದೆ.

ಇಸವಿ ಅರವತ್ತರ ಆಸುಪಾಸಿನ ಮಾತು. ಹಳಿಯಾಳದ ಶಾಲೆಗೆ ಪಾಠ ಹೇಳಲು ನಾನು ಹೊಸದಾಗಿ ಬಂದ ಅಕ್ಕೋರು. ನನ್ನೂರು ಮುಂಡಗೋಡ ಕಡೆಯ ಪಾಳಾ. ‘ಬ್ಯಾರೆ ಮನಿ ಯಾಕ, ಕಾಕಾನ ಮನ್ಯಾಗ ಇರು’ ಎಂದು ಅಪ್ಪ ನನ್ನನ್ನು ಟ್ರಂಕಿನ ಸಮೇತ ತನ್ನ ತಮ್ಮನ ಬಾಗಿಲಲ್ಲಿ ಇಳಿಸಿ ಹೋಗಿದ್ದ. ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ. ಶಿವನ ದಯೆಯಿಂದ ವ್ಯಾಪಾರ ಚೆನ್ನಾಗಿತ್ತು. ಕಾಕಾನ ದಯೆಯಿಂದ ಕೆಡುತ್ತಿತ್ತು.

ಕೆಡದೆ ಏನು? ಬೆಲ್ಲ ಕೊಳ್ಳಲು ಬಂದ ಗಿರಾಕಿಯನ್ನು ನಿಲ್ಲಿಸಿಕೊಂಡು ತಕ್ಕಡಿಯನ್ನೇ ಬಿಚ್ಚುವವರನ್ನು ನೀವು ಕಂಡಿದ್ದೀರಾ?

“ತಡಿಯೋ, ತಕ್ಕಡಿ ಒಂಚೂರು ಎಡಕ್ಕ ಎಳೀಲಿಕತ್ತೈತಿ.”

“ಎಳೀಲಿ ಬಿಡ್ರಿ ಸಾವಕಾರ್ರ, ತೂಕದ ಕಲ್ಲು ಆ ಕಡೇನ ಐತಿ, ನನಗ ಲಾಭ!”

ತಕ್ಕಡಿ ಮತ್ತೆ ಒಂದಾಗುವ ಹೊತ್ತಿಗೆ ಗಿರಾಕಿ ಎದುರಿನ ಅಂಗಡಿಯ ಬೆಲ್ಲ ಕಟ್ಟಿಸಿಕೊಂಡು ಊರು ಸೇರಿರುತ್ತಿದ್ದ.

ಇನ್ನೊಮ್ಮೆ ಕೋಗಿಲಬನಕ್ಕೆ ಹೋಗಿದ್ದೆವು, ಬೀಗರ ಪೈಕಿ ಹಿರಿಯರೊಬ್ಬರು ತೀರಿಕೊಂಡರೆಂದು ಮಾತಾಡಿಸಲು. ಅಳುತ್ತ ಒಬ್ಬೊಬ್ಬರು ಒಳಗೆ ಬಂದಾಗಲೂ ಆ ಮನೆಯ ಬಾಗಿಲು ಕಿರ್ರೆನ್ನುತ್ತಿತ್ತು. ಕಾಕಾ ತುಟಿ ಕಚ್ಚಿಕೊಂಡು ತಡೆದ, ಪಾಪ. ಎಷ್ಟಂತ ತಡೆದಾನು? ನಾವು ತಿರುಗಿ ನೋಡುವಷ್ಟರಲ್ಲಿ ಬಾಗಿಲು ಅಂಗಳದಲ್ಲಿ ಅಂಗಾತ ಮಲಗಿತ್ತು, ಕಾಕಾ ಅದರ ಕೀಲಿಗೆ ಎಣ್ಣೆ ಹಾಕುತ್ತಿದ್ದ. ಅಷ್ಟರಲ್ಲಿ ಮಳೆ ಬೇರೆ ಬಂತು. ಇರಚಲು ನೇರವಾಗಿ ನಡುಮನೆಗೆ! ಹಾಡಿ ಹಾಡಿ ಅಳುತ್ತಿದ್ದ ಮುದುಕಿಯೊಬ್ಬಳು ಅಳುವುದನ್ನು ನಿಲ್ಲಿಸಿ, “ಹೋದಾಂವ ಹೋದ, ಬಾಗಲಾ ಯಾಕ ಒಯ್ಲಿಕತ್ತೀಯೋ ಯಪ್ಪಾ!” ಎಂದಳು. ಸತ್ತ ಮನೆಯಲ್ಲಿ ನಗಬಾರದು ಎಂಬುದು ನನಗೂ ಗೊತ್ತು. ಆದರೂ ನಕ್ಕುಬಿಟ್ಟೆ.

ಇಂಥವನಿಗೆ ಸಿಕ್ಕ ಹೆಂಡತಿ, ನನ್ನ ಚಿಗವ್ವನೋ, ಕಾಲ ಬುಡದಲ್ಲಿ ಪಟಾಕಿ ಹೊಡೆದರೂ ನಿಧಾನವಾಗಿ ತಿರುಗಿ ನೋಡುವ ಜಾತಿ. ನಿಧಾನಕ್ಕೆ ಕಾರಣವೂ ಇತ್ತು. ಅವಳಿಗೆ ಉಬ್ಬಸ, ನಮ್ಮ ಕಡೆ ದಮ್ಮು ಅನ್ನುತ್ತಾರೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಹೊಗೆ ಎದೆಗೆ ಹೊಕ್ಕರೆ ಮುಗಿಯಿತು, ಗೋಡೆಗೆ ಒರಗಿ ಕೂತು ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದ ಹಾಗೆ ಸೇದಬೇಕು. ‘ಹೊಗಿ ಹತ್ತರ ಈಕಿನ್ನ ಬಿಟ್ಟರ ನನ್ನ ಹತ್ತರ ಬರಬ್ಯಾಡ್ರಿ’ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅದಕ್ಕೇ ಕಾಕಾ ಹುಬ್ಬಳ್ಳಿಯಿಂದ ಒಂದು ಹಿತ್ತಾಳೆಯ ಸ್ಟೋವ್ ತಂದಿದ್ದ. ಚಿಮಣಿ ಎಣ್ಣೆ ಹಾಕಿ, ಗಾಳಿ ಹೊಡೆದು ಹಚ್ಚಿದರೆ ನೀಲಿ ಉರಿ, ಹೊಗೆಯ ಸುಳಿವಿಲ್ಲ. ಆ ವರ್ಷ ಚಿಗವ್ವ ಅಡಿಗೆ ಮನೆಯಲ್ಲಿ ಸಣ್ಣಗೆ ಹಾಡಿದ್ದನ್ನು ನಾನೇ ಕೇಳಿದ್ದೇನೆ.

ಎಲ್ಲ ಸರಿಯಿತ್ತು. ಸರಿ ಇದ್ದದ್ದೇ ತಪ್ಪಾಯಿತು ನೋಡಿ! ಸ್ಟೋವಿನ ಟಾಂಕಿಯ ಹೆಗಲ ಮೇಲೆ ಗಾಳಿ ಬಿಡಲಿಕ್ಕೆ ಒಂದು ಸಣ್ಣ ತಿರುಪು. ಅದರಿಂದ ತುಸು ಗಾಳಿ ಸೋರುತ್ತಿತ್ತು. ಚಿಗವ್ವ ಅದಕ್ಕೆ ನೂಲು ಸುತ್ತಿ, ಸೋಪು ಮೆತ್ತಿ, ಬಿಗಿ ಮಾಡಿ ಆರಾಮಾಗಿದ್ದಳು. ಕಾಕಾನಿಗೆ ಸೋಪು ಕಣ್ಣಿಗೆ ಬಿತ್ತು.

“ಇದೇನ ಹುಡುಗಾಟಕಿ! ಹೊಸಾ ಆಟೆ ಹಾಕಿ ಕೊಡ್ತೇನಿ.”

“ಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ.”

“ಕಾಲಿಗೆ ಬೀಳೂದೇನು, ಪಾವ ತಾಸಿನ ಕೆಲಸ!”

ಆಟೆ ಎಂದರೆ ತಿರುಪು ಹಿಡಿಯಲು ತೂತಿನ ಒಳಗೆ ಕೊರೆಯುವ ಸುರುಳಿ ಗೆರೆ. ಅದನ್ನು ಕೊರೆಯುವ ಗಟ್ಟಿ ಉಕ್ಕಿನ ಕಡ್ಡಿಗೆ ಟ್ಯಾಪು ಅನ್ನುತ್ತಾರೆ. ಸಂತೆಯ ಗುಜರಿಯಲ್ಲಿ ಕಾಕಾ ಒಂದು ಡಬ್ಬಿ ತುಂಬ ಹಳೆಯ ಟ್ಯಾಪು ಕೊಂಡಿಟ್ಟಿದ್ದ, ಕೊರೆಯಲು ತೂತು ಸಿಗದೆ ಪರದಾಡುತ್ತಿದ್ದ. ಈಗ ಸಿಕ್ಕಿತು! ಬಲ್ಲವರು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುನಡುವೆ ಎಣ್ಣೆ, ಹೀಗೆ ಕೊರೆಯುತ್ತಾರಂತೆ. ನಮ್ಮವನಿಗೆ ಹಿಂದೆ ಹೋಗುವುದು ಹುಟ್ಟಿನಿಂದಲೇ ಗೊತ್ತಿಲ್ಲ. ‘ಟಕ್’ ಎಂದಿತು. ಅರ್ಧ ಟ್ಯಾಪು ಕಾಕಾನ ಕೈಯಲ್ಲಿ, ಇನ್ನರ್ಧ ಸ್ಟೋವಿನ ಹೆಗಲಲ್ಲಿ. ಚಿಗವ್ವ ಎದ್ದು ಹೋಗಿ ಹಳೆಯ ಒಲೆಯ ಬೂದಿ ಬಳಿಯತೊಡಗಿದಳು.

ಆಮೇಲೆ ಶುರುವಾಯಿತು ಕುಣಿತ! ಇಕ್ಕಳ ಹಾಕಿದ, ಹಿಡಿತಕ್ಕೆ ಸಿಗಲಿಲ್ಲ. ದಬ್ಬಣ ತೂರಿಸಿದ, ದಬ್ಬಣ ಮುರಿಯಿತು. ಸುತ್ತಿಗೆ ಎತ್ತಿದ, ಟಾಂಕಿಗೆ ತಗ್ಗು ಬಿತ್ತು, ಟ್ಯಾಪು ಅಲುಗಲಿಲ್ಲ. ಅತ್ತ ಒಲೆಯಲ್ಲಿ ಹಸಿ ಕಟ್ಟಿಗೆ ಬುಸುಗುಟ್ಟಿ ಮನೆಯೆಲ್ಲ ಹೊಗೆ, ಆ ಹೊಗೆಯಲ್ಲಿ ಚಿಗವ್ವನ ಕೆಮ್ಮು. ಒಂದೊಂದು ಕೆಮ್ಮಿಗೂ ಕಾಕಾ ಒಂದೊಂದು ಹೊಸ ಹತ್ಯಾರ ಹುಡುಕುತ್ತಿದ್ದ.

ಮರುದಿನ ಬೆಳಿಗ್ಗೆ ಸ್ಟೋವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ದಾಂಡೇಲಿ ಬಸ್ಸು ಹತ್ತಿದ. ಅಲ್ಲಿ ಆಗ ಹೊಸದಾಗಿ ಕಾರ್ಖಾನೆಗಳು ಎದ್ದು, ಬೀದಿಗೊಬ್ಬ ಮಿಸ್ತ್ರಿ ಆಗಿದ್ದ. ಪೂರಾ ದಾರಿ ಸ್ಟೋವಿನ ಪಂಪು ಹೊಡೆಯುತ್ತಲೇ ಇದ್ದನಂತೆ. ಪಕ್ಕದವನು, “ಬಸ್ಸು ನಿಮ್ಮ ಗಾಳಿಲೇನ ಓಡಲಿಕತ್ತೈತೇನ್ರಿ?” ಎಂದು ಕೇಳಿದನಂತೆ. ಮಿಸ್ತ್ರಿ ನೋಡಿ, ಮುರಿದ ಟ್ಯಾಪಿನ ಮೇಲೆ ಬೈರಿಗೆ ನಡೆಯುವುದಿಲ್ಲ, ಬಡಿದರೆ ಹಿತ್ತಾಳೆ ಹರಿಯುತ್ತದೆ ಎಂದು ಹೇಳಿ ಒಂದು ಉಪಾಯ ಕೊಟ್ಟ: “ತುರಟಿ ನೀರಾಗ ಇಟ್ಟು ಕುದಸ್ರಿ. ತುರಟಿ ಉಕ್ಕನ್ನ ತಿಂತೈತಿ, ಹಿತ್ತಾಳಿ ಮುಟ್ಟೂದಿಲ್ಲ. ಆದರ ಕೈ ಹಚ್ಚಬ್ಯಾಡ್ರಿ. ಸುಮ್ಮನ ಕುಂದರ್ರಿ.”

ಸುಮ್ಮನೆ ಕೂರು! ಯಾರಿಗೆ ಹೇಳಿದ ನೋಡಿ!

ತುರಟಿ ಎಂದರೆ ಪಟಿಕ, ಮಳೆಗಾಲದ ಕೆಂಪು ನೀರು ತಿಳಿಯಾಗಲು ಕೊಡದಲ್ಲಿ ಆಡಿಸುತ್ತೇವಲ್ಲ, ಅದೇ. ಅಂಗಡಿಯಲ್ಲಿ ಬೇಕಾದಷ್ಟಿತ್ತು. ಕಾಕಾ ಬಂದವನೇ ಅದರಲ್ಲಿ ಅರ್ಧ ಕುಟ್ಟಿ, ಕಬ್ಬಿಣದ ದೊಡ್ಡ ಕಡಾಯಿಯಲ್ಲಿ ನೀರು ಮಾಡಿ, ಸ್ಟೋವಿನ ಟಾಂಕಿ ಮುಳುಗಿಸಿ ಒಲೆಗೆ ಏರಿಸಿದ. ಉಕ್ಕು ತಿನ್ನುವ ನೀರು ಕಬ್ಬಿಣ ಬಿಟ್ಟೀತೇ? ಸಂಜೆಗೆ ನೀರು ಕರ್ರಗೆ, ಕಡಾಯಿಯ ಮೈಯೆಲ್ಲ ಸಿಡುಬು, ಟ್ಯಾಪು ಮಾತ್ರ ಕುಶಾಲಾಗಿತ್ತು.

“ಸ್ಟೋವ್ ಹೋತು, ಈಗ ಕಡಾಯಿ,” ಎಂದಳು ಚಿಗವ್ವ ಉಸಿರು ಎಳೆಯುತ್ತ. “ನಾ ಒಬ್ಬಾಕಿ ಉಳದೇನಿ, ನನ್ನೂ ಒಮ್ಮೆ ಕುದಿಸಿಬಿಡ್ರಿ!”

ಕಾಕಾನ ಮುಖ ಕಪ್ಪಿಟ್ಟಿತು. ಆ ಮಾತಿಗೆ ಅವನು ನಗಲಿಲ್ಲ.

ಮರುದಿನ ಭಾನುವಾರ. ಕಾಕಾ ಕುಂಬಾರರ ಮನೆಯಿಂದ ದೊಡ್ಡ ಮಣ್ಣಿನ ಗಡಿಗೆ ತಂದ, ಉಳಿದ ತುರಟಿಯನ್ನೆಲ್ಲ ಸುರಿದ. ಚಿಗವ್ವನಿಗೆ, “ನೀ ಒಳಗ ಬರಕೂಡದು. ಹೊರಗ ಕಟ್ಟಿ ಮ್ಯಾಲ ಗಾಳಿಗೆ ಕುಂದರು. ಅಡಿಗಿ ನಾ ಮಾಡ್ತೇನಿ,” ಎಂದು ಹುಕುಂ ಕೊಟ್ಟ. ಒಂದು ಒಲೆಯಲ್ಲಿ ಸ್ಟೋವು, ಇನ್ನೊಂದರಲ್ಲಿ ಅನ್ನ. ಯಾವುದು ಮೊದಲು ಬೆಂದೀತೆಂದು ಹೇಳುವುದು ಕಷ್ಟವಿತ್ತು.

ಪಕ್ಕದ ಮನೆಯವಳು ಇಣುಕಿ, “ಏನ್ ಅಡಿಗಿರಿ ಇವತ್ತ?” ಎಂದಳು.

“ಸ್ಟೋವ್,” ಎಂದ ಕಾಕಾ.

ಅಂಗಡಿ ಮುಂದೆ ಒಬ್ಬ, “ಸಾವಕಾರ್ರ, ತುರಟಿ!” ಎಂದು ಕೂಗಿದ. “ಒಲಿ ಮ್ಯಾಲ ಐತಿ, ಬೆಂದ ಮ್ಯಾಲ ಬಾ!” ಎಂದು ಒಳಗಿನಿಂದ ಉತ್ತರ ಹೋಯಿತು.

ಮಧ್ಯಾಹ್ನ ನಾನು ಒಳಗೆ ಹೋದೆ. ಹೊಗೆಯಲ್ಲಿ ಕಾಕಾ ಮೊದಲು ಕಾಣಿಸಲೇ ಇಲ್ಲ. ಮಣೆಯ ಮೇಲೆ ಕಾಲು ಮಡಿಚಿ, ಎರಡೂ ಕೈ ಕಂಕುಳಲ್ಲಿ ಕಟ್ಟಿಕೊಂಡು ಗಡಿಗೆಯನ್ನೇ ನೋಡುತ್ತಿದ್ದ. ಮುರಿದ ಟ್ಯಾಪಿನಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಕೈ ಹಚ್ಚಿರಲಿಲ್ಲ!

“ಕಾಕಾ, ನೀ ಹಿಂಗ ಕುಂತದ್ದು ನಾ ನೋಡೇ ಇಲ್ಲ ಬಿಡು,” ಎಂದೆ ನಗುತ್ತ.

ಅವನ ಕಣ್ಣು ಕೆಂಡದಂತಾಗಿದ್ದವು. ಒರೆಸಿಕೊಂಡ.

“ಲಗ್ನಕ್ಕ ಮೊದಲ ನಾ ಹಿಂಗ ಇದ್ದಿಲ್ಲಬೇ. ಎಮ್ಮಿ ಬಿದ್ದಂಗ ಬಿದ್ದು ನಿದ್ದಿ ಮಾಡ್ತಿದ್ದೆ, ನಿಮ್ಮಪ್ಪನ್ನ ಕೇಳು. ಈಕಿಗೆ ದಮ್ಮು ಸುರು ಆತಲ್ಲ, ರಾತ್ರಿ ಮಗ್ಗಲದಾಗ ಉಸರು ಕೇಳಸ್ತೈತಿ. ಸೊಂಯ್ ಅಂತೈತಿ, ಒಮ್ಮೆಲೆ ನಿಂತ ಬಿಡ್ತೈತಿ. ಮತ್ತ ಬರ್ತೈತೋ ಇಲ್ಲೋ ಅಂತ ನಾ ಕಾಯ್ಕೋತ ಬಿದ್ದಿರಬೇಕು. ಆ ಕಾಯೂದು ನನ್ನ ಕೈಲೆ ಆಗೂದಿಲ್ಲ. ಎದ್ದು ಏನರೆ ಬಿಚ್ಚಿಕೋತ ಕೂಡ್ತೇನಿ.”

ನನ್ನ ನಗು ಎಲ್ಲಿ ಹೋಯಿತೋ. ಇಷ್ಟು ದಿನ ಇವನನ್ನು ಶಾಲೆಯಲ್ಲೆಲ್ಲ ಆಡಿಕೊಂಡು ನಕ್ಕಿದ್ದೆನಲ್ಲ! ಒಲೆಯ ಕಟ್ಟಿಗೆಯೊಂದನ್ನು ಮುಂದೆ ಸರಿಸಿದೆ.

ಮರುದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ಟ್ಯಾಪು ಕರಗಿ, ಕಪ್ಪು ಪುಡಿಯಾಗಿ, ಸೂಜಿಯ ತುದಿ ತಾಗಿದ್ದಕ್ಕೇ ಉದುರಿ ಬಿದ್ದಿತ್ತು. ಹಿತ್ತಾಳೆ ಹಾಗೇ ಉಳಿದಿತ್ತು. ಹೊಸ ಆಟೆ ಕೊರೆಯುವ ಮಾತನ್ನು ಕಾಕಾ ಎತ್ತಲಿಲ್ಲ. ಹಳೆಯ ತಿರುಪಿಗೇ ನೂಲು ಸುತ್ತಿ, ಸೋಪು ಮೆತ್ತಿ, ಕೂರಿಸಿದ! ಸ್ಟೋವ್ ಭರ್ರೆಂದು ಹತ್ತಿಕೊಂಡಿತು. ಚಿಗವ್ವ ಚಹಾಕ್ಕೆ ನೀರಿಟ್ಟಳು. ಇತ್ತ ಕಾಕಾ ಅಂಗಡಿಗೆ ಹೋಗಿ ಅಕ್ಕಿ ಚೀಲಕ್ಕೆ ಒರಗಿದವನು ಹಾಗೇ ನಿದ್ದೆ ಹೋದ. ಗೊರಕೆ ಅಡಿಗೆ ಮನೆಯವರೆಗೂ ಕೇಳುತ್ತಿತ್ತು.

ಚಿಗವ್ವ ಕಿವಿಗೊಟ್ಟು ಕೇಳಿದಳು. ಮುಖ ಅರಳಿತು.

“ಈ ಮನಿಶಾಗ ಒಂದ ರಾತ್ರಿ ನಿದ್ದಿ ಹತ್ತಲಿ ಅಂತ ನಾ ಏನ ಮಾಡಿಲ್ಲ ಹೇಳು,” ಎಂದಳು ನನಗೆ, ದನಿ ತಗ್ಗಿಸಿ. “ಸಪ್ಪಳ ಆಗಬಾರದಂತ ಉಸರು ಬಿಗಿ ಹಿಡದ ಮಲಗ್ತೇನಿ. ಎಷ್ಟ ತಡೀಲಿಕ್ಕೆ ಆಗ್ತೈತೋ ಅಷ್ಟೊತ್ತು ಉಸರು ಬಿಡೂದೇ ಇಲ್ಲ. ಆದರೂ ಎದ್ದ ಹೋಗಿ ಇಕ್ಕಳಾ ಹಿಡೀತಾರ ನೋಡು!”

ಕಾಕಾ ಹೇಳಿದ, ನಿಂತುಬಿಡುವ ಉಸಿರು ಅದು! ನಾನು ಹೇಳಲೆಂದು ಬಾಯಿ ತೆರೆದೆ. ಅವಳು ಆಗಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದಿದ್ದಳು.

“ಈಗ ಮಲಗ್ಯಾರ. ಹಿತ್ತಲಕ ಹೋಗಿ ಮನಸಾರೆ ಕೆಮ್ಮಿ ಬರ್ತೇನಿ, ಚಹಾ ಉಕ್ಕಲಿಕ್ಕೆ ಬಿಡಬ್ಯಾಡ.”