ಕಲ್ಯಾಣಪ್ಪನವರ ಪರದೇಶದ ಕ್ಯಾಂಪು

"ನಾಳೆ ಐತವಾರ. ನಾವಿಬ್ಬರೂ ಹೊಳಿದಂಡಿ ಗುಡ್ಡಕ್ಕ ಹೋಗಿ ಕ್ಯಾಂಪು ಹಾಕ್ತೇವಿ. ತುದಿಯ ಬಂಡೆಗಲ್ಲು ಏರ್ತೇವಿ. ಅಲ್ಲಿಂದ ನಮ್ಮ ಮನಿ ಒಮ್ಮೆ ಕಣ್ತುಂಬ ನೋಡ್ತೇವಿ. ಅಲ್ಲಿಗೆ ಮುಗೀತು ಈ ಮಾತು."

ಹೀಗೆಂದು ಕಲ್ಯಾಣಪ್ಪನವರು ಮೈದುನ ಧರ್ಮಣ್ಣನ ಪಡಸಾಲೆಯಲ್ಲಿ ಘೋಷಿಸಿದರು. ದಿಲ್ಲಿಯ ತಖ್ತಿನ ಮೇಲೆ ಕುಳಿತವರೂ ಅಷ್ಟು ಠೀವಿಯಿಂದ ಫರ್ಮಾನು ಹೊರಡಿಸಿರಲಿಕ್ಕಿಲ್ಲ. ಕೇಳುವವರು ಮಾತ್ರ ಇಬ್ಬರೇ: ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶಾರದಾಬಾಯಿ, ಆಕಳಿಸುತ್ತಿದ್ದ ಧರ್ಮಣ್ಣ.

ಕಲ್ಯಾಣಪ್ಪನವರು ಆಗ ಪರದೇಶವಾಸಿಗಳು. ಪರದೇಶವೆಂದರೆ ಹಡಗು ಹತ್ತಿ ಹೋಗುವಂಥದ್ದಲ್ಲ. ಅಫಜಲಪುರ ತಾಲೂಕಿನ ದಂಡೆಯಲ್ಲಿ ಹರಿಗೋಲು ಹತ್ತಿ ಭೀಮಾ ಹೊಳೆಯ ಈಚೆ ಇಂಡಿ ತಾಲೂಕಿನ ದಂಡೆಯಲ್ಲಿ ಇಳಿದರೆ ಆಯಿತು, ಪರದೇಶ ಬಂತು. ಆಚೆಯದು ನಿಜಾಮರ ಸೀಮೆ, ಈಚೆಯದು ಇಂಡಿಯಾ. ೧೯೪೮ರ ಆ ವರ್ಷ ರಜಾಕಾರರ ಹಾವಳಿಗೆ ಅಂಜಿ, ಯುಗಾದಿ ಮುಗಿಯುತ್ತಲೇ ಗಂಡ ಹೆಂಡತಿ ಅರಿವೆ ಅಂಗಡಿಗೆ ಕದ ಹಾಕಿ, ಮನೆಗೆ ಬೀಗ ಹಾಕಿ ಹೊಳೆ ದಾಟಿದ್ದರು. ಶಾರದಾಬಾಯಿಗೆ ಇದು ತವರೂರು. ಹೀಗಾಗಿ ಒಂದೇ ಮನೆಯಲ್ಲಿ ಗಂಡ ಪರದೇಶದಲ್ಲಿದ್ದರು, ಹೆಂಡತಿ ತವರುಮನೆಯಲ್ಲಿದ್ದರು. ಇಬ್ಬರಿಗೂ ಸುಖವಿರಲಿಲ್ಲ ಎನ್ನುವುದು ಬೇರೆ ಮಾತು.

ದೇಶ ಬದಲಾದರೆ ಸೂಟಿಯೂ ಬದಲಾಗುತ್ತದೆ ಎಂಬುದು ಕಲ್ಯಾಣಪ್ಪನವರಿಗೆ ಇಲ್ಲಿಗೆ ಬಂದ ಮೇಲೆ ತಿಳಿದಿತ್ತು. ಆಚೆ ಕಚೇರಿಗಳಿಗೆ ಶುಕ್ರವಾರ ಸೂಟಿ, ಇಲ್ಲಿ ಐತವಾರ. ಇದು ಅವರಿಗೆ ಬಹಳ ಹಿಡಿಸಿತ್ತು. ಪರದೇಶದಲ್ಲಿದ್ದ ಮೇಲೆ ಪರದೇಶದವರ ಹಾಗೆ ಐತವಾರವನ್ನು ಆಚರಿಸಬೇಕೆಂದು ಅವರು ಅಂದೇ ನಿಶ್ಚಯಿಸಿದ್ದರು. ಆಚರಿಸುವುದು ಹೇಗೆಂದು ತಿಳಿಯದೆ ಇಷ್ಟು ದಿನ ಮಲಗಿ ಕಳೆದಿದ್ದರು.

ಆದರೆ ಈ ಕ್ಯಾಂಪಿನ ಹಿಂದೆ ಒಂದು ಸಂಕಟವಿತ್ತು. ಆಳಂದದ ಚಂದಪ್ಪನೆಂಬ ಪರಿಚಯಸ್ಥ ಮೊನ್ನೆ ಸೋಲಾಪುರದ ಕಡೆಯಿಂದ ಬಂದವನು ಚಹಾ ಕುಡಿಯುತ್ತ, "ನಿಮ್ಮ ಓಣಿಗೆ ಬೆಂಕಿ ಹಚ್ಚ್ಯಾರಂತ್ರಿ," ಎಂದು ಹೇಳಿ, ಬಶಿ ಕೆಳಗಿಟ್ಟು ಹೋಗಿಬಿಟ್ಟಿದ್ದ. ಯಾರು ಹೇಳಿದರು ಎಂದು ಕೇಳಿದರೆ, "ಮಂದಿ ಅಂತಾರ್ರಿ," ಎಂದಿದ್ದ. ಹೊಳೆ ತುಂಬಿ ಹರಿಯುತ್ತಿತ್ತು, ಹರಿಗೋಲು ನಿಂತಿದ್ದವು, ದಾಟಲೆಂದು ದಂಡೆಗೆ ಹೋದವರನ್ನು ಪೊಲೀಸರು ಹಿಂದಕ್ಕೆ ಅಟ್ಟುತ್ತಿದ್ದರು. ಸುದ್ದಿ ಖರೆಯೋ ಸುಳ್ಳೋ ಗೊತ್ತುಮಾಡಿಕೊಳ್ಳಲು ದಾರಿಯೇ ಇರಲಿಲ್ಲ. ಇತ್ತ ಧರ್ಮಣ್ಣ ಸೋಲಾಪುರದಲ್ಲಿ ಒಂದು ಅಂಗಡಿ ನೋಡಿ ಇಟ್ಟಿದ್ದ. ಬರುವ ಬುಧವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಹೂಂ ಅಂದರೆ ಕಾಯಮ್ಮಾಗಿ ಅಲ್ಲಿಯೇ.

ಕಲ್ಯಾಣಪ್ಪನವರು ಆಗಲೇ ಹೂಂ ಅಂದುಬಿಟ್ಟಿದ್ದರು. "ಆ ಮಣ್ಣಿನ ಮಾಳಿಗಿ ಮನ್ಯಾಗ ಏನದ? ವರ್ಷಾ ಮಳಿಗಾಲದ ಮೊದಲ ಮ್ಯಾಲ ಏರಿ ಮಣ್ಣು ಹಾಕು, ತುಳಿ, ಮತ್ತ ಸೋರಿದ್ರ ಕೆಳಗ ಕೊಳಗ ಇಡು. ಸೋಲಾಪುರದಾಗ ತಗಡಿನ ಪತ್ರಾಸಿನ ಮನಿ. ಮಳಿ ಬಂದ್ರ ಸಂಗೀತ ಕೇಳಿದಂಗ ಕೇಳಕೋತ ಮಲಗೂದು."

ಶಾರದಾಬಾಯಿ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಕಲ್ಯಾಣಪ್ಪನವರು ಗೆಲ್ಲುತ್ತಿದ್ದರು. ಆಕೆ ಒಂದೇ ಮಾತು ಹೇಳಿದರು: "ಮನಿ ಅದನೋ ಇಲ್ಲೋ ಗೊತ್ತಾಗಲಾರದ ನಾ ಎಲ್ಲಿಗೂ ಬರಂಗಿಲ್ರಿ." ಅಲ್ಲಿಂದ ಮುಂದೆ ಯಾರು ಕಟ್ಟು ಅಂದರೂ ಒಂದು ಹಾಸಿಗೆಯನ್ನೂ ಕಟ್ಟಲಿಲ್ಲ.

ಆದ್ದರಿಂದ ಕ್ಯಾಂಪು. ಹೊಳೆದಂಡೆಯಲ್ಲಿ ನಿಂತರೆ ಆಚೆಯ ಊರಿನ ಹಳೆಯ ಹುಡೇವು, ಅಂದರೆ ಕೋಟೆಯ ಬುರುಜು, ಅಡ್ಡಬಂದು ಓಣಿ ಕಾಣಿಸದು. ಗುಡ್ಡದ ತುದಿಯ ಬಂಡೆ ಏರಿದರೆ ಹುಡೇವಿನ ಹಿಂದಿನದೆಲ್ಲ ಕಾಣುತ್ತದೆ ಎಂದು ಧರ್ಮಣ್ಣ ಹೇಳಿದ್ದ. ಹಿಂದೆ ಒಬ್ಬ ಬಿಳಿ ಸಾಹೇಬ ತನ್ನ ಮಡಮ್ಮನ ಜೊತೆ ಅಲ್ಲಿ ಡೇರೆ ಹೊಡೆದು, ಹಗ್ಗ ಕಟ್ಟಿಕೊಂಡು ಅದನ್ನು ಏರಿದ್ದನಂತೆ.

"ಸಾಹೇಬಗ ಹಗ್ಗ ಬೇಕಿತ್ತು. ನನಗ್ಯಾಕ?" ಎಂದರು ಕಲ್ಯಾಣಪ್ಪನವರು. "ತಲಿ ಮ್ಯಾಲ ಅರಿವಿ ಗಂಟು ಹೊತ್ತು ಅಮಾಸಿಗೊಮ್ಮೆ ಘತ್ತರಗಿ ಜಾತ್ರಿಗೆ ನಡದ ಕಾಲು ಇವು."

"ಘತ್ತರಗಿ ದಾರ್ಯಾಗ ಗುಡ್ಡ ಎಲ್ಲೆದ್ರಿ?" ಎಂದರು ಶಾರದಾಬಾಯಿ.

"ಕಾಲು ಅಂದ್ರ ಕಾಲ ಬೇ. ಗುಡ್ಡಾದ್ರೇನು, ಬೈಲಾದ್ರೇನು?"

ಐತವಾರ ಮುಂಜಾನೆ ಗುರಣ್ಣನ ಎತ್ತಿನ ಗಾಡಿಯಲ್ಲಿ ದಂಡಯಾತ್ರೆ ಹೊರಟಿತು. ಡೇರೆಯ ಬದಲು ಧರ್ಮಣ್ಣನ ಅಂಗಡಿಯ ತಾಡಪತ್ರಿ, ಒಂದು ಜಮಖಾನ, ಕಟಕ ರೊಟ್ಟಿ, ಶೇಂಗಾ ಹಿಂಡಿ. ಹಗ್ಗ ಇಟ್ಟುಕೊಳ್ಳಿರೆಂದು ಧರ್ಮಣ್ಣ ಗಾಡಿಯೊಳಗೆ ಎಸೆದದ್ದನ್ನು ಕಲ್ಯಾಣಪ್ಪನವರು ಅಷ್ಟೇ ಜೋರಿನಿಂದ ಹೊರಗೆ ಎಸೆದರು.

ಊರು ದಾಟುತ್ತಲೇ ಮಳೆ ಶುರುವಾಯಿತು. ಆ ಕಡೆಯ ಎರೆಮಣ್ಣಿನ ಗುಣ ಬಲ್ಲವರೇ ಬಲ್ಲರು. ಬೇಸಿಗೆಯಲ್ಲಿ ಅದು ಬಾಯಿಬಿಟ್ಟುಕೊಂಡು ಬಿದ್ದಿರುತ್ತದೆ, ಮಳೆಗಾಲದಲ್ಲಿ ಸಿಕ್ಕದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಗಾಡಿಯ ಗಾಲಿ ಹೂತಿತು. ನೂಕಲು ಇಳಿದ ಕಲ್ಯಾಣಪ್ಪನವರ ಬಲಗಾಲ ಚಪ್ಪಲಿಯನ್ನು ಮಣ್ಣು ನುಂಗಿತು. ಅದನ್ನು ಹುಡುಕಲು ಬಗ್ಗಿದಾಗ ಎಡಗಾಲಿನದೂ ಹೋಯಿತು.

"ಹೋಗ್ಲಿ ಬಿಡು. ಬರಿಗಾಲಿಲೆ ಕಲ್ಲು ಏರಾಕ ಚಲೋ," ಎಂದರು ಅವರು.

"ಅದಕ್ಕಂತ ಬಿಟ್ರೇನ್ರಿ?" ಎಂದರು ಶಾರದಾಬಾಯಿ, ತಮ್ಮ ಚಪ್ಪಲಿಯನ್ನು ಮೊದಲೇ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತ.

ಮಧ್ಯಾಹ್ನ ದಾಟಿದ ಮೇಲೆ ಗುಡ್ಡದ ಬುಡ ಮುಟ್ಟಿದರು. ಹೊಳೆಯ ಆಚೆ ಊರಿಲ್ಲ, ಹುಡೇವಿಲ್ಲ, ಮಳೆಯೊಂದೇ. ಮೋಡ ಹರಿಯುವತನಕ ಕ್ಯಾಂಪು ಎಂದು ಕಲ್ಯಾಣಪ್ಪನವರು ತೀರ್ಮಾನಿಸಿ, ನಾಲ್ಕು ಗೂಟ ಹೊಡೆದು ತಾಡಪತ್ರಿ ಕಟ್ಟಿದರು. ಗಾಳಿ ಅದರ ಕೆಳಗೆ ಹೊಕ್ಕು ಹೊಟ್ಟೆ ಉಬ್ಬಿಸಿತು. ಅವರು ಒಂದು ಮೂಲೆ ಹಿಡಿದರು, ಗುರಣ್ಣ ಇನ್ನೊಂದು ಹಿಡಿದ. ತಾಡಪತ್ರಿ ಇಬ್ಬರನ್ನೂ ನಾಲ್ಕು ಹೆಜ್ಜೆ ಕುಣಿಸಿ, ಕೈ ಬಿಡಿಸಿಕೊಂಡು ಎದ್ದುಹೋಗಿ ಹೊಳೆಯಲ್ಲಿ ಬಿತ್ತು. ಕೆಂಪು ನೀರಿನ ಮೇಲೆ ತಿರುಗುತ್ತ ತಿರುಗುತ್ತ ನಿಜಾಮರ ಸೀಮೆಯ ಕಡೆಗೇ ಸಾಗಿತು.

"ಅದಕ್ಕ ಯಾರೂ ಕೇಳಂಗಿಲ್ಲ ನೋಡ್ರಿ, ಎಲ್ಲಿಂದ ಬಂದಿ, ಎಲ್ಲಿಗೆ ಹೊಂಟಿ ಅಂತ," ಎಂದರು ಶಾರದಾಬಾಯಿ.

ಆ ರಾತ್ರಿ ಮೂವರೂ ಗಾಡಿಯ ಕೆಳಗೆ ಒತ್ತಿಕೊಂಡು ಕಳೆದರು. ಬೆಳಗಾಗುವಷ್ಟರಲ್ಲಿ ಕಲ್ಯಾಣಪ್ಪನವರ ಪರದೇಶಿ ಉತ್ಸಾಹವೆಲ್ಲ ತೊಯ್ದು ತೊಪ್ಪೆಯಾಗಿತ್ತು. ಸೀನುತ್ತ ಎದ್ದು, "ಗುರಣ್ಣಾ, ಗಾಡಿ ಹೂಡು. ಸಾಕು ನೋಡಿದ್ದು," ಎಂದರು.

ಗುರಣ್ಣ ಎತ್ತುಗಳ ಮೈ ಒರೆಸುತ್ತಿದ್ದವನು ತಿರುಗಿ ಕೂಡ ನೋಡಲಿಲ್ಲ. "ಇವತ್ತ ಸ್ವಾಮಾರ ಅದ್ರಿ ಸಾವ್ಕಾರ್ರ."

"ಆದ್ರೇನಾತು?"

"ಸ್ವಾಮಾರ ಬಸವಣ್ಣಗ ನೊಗ ಇಡಂಗಿಲ್ರಿ."

ಕಲ್ಯಾಣಪ್ಪನವರಿಗೆ ಆಗ ನೆನಪಾಯಿತು. ಐತವಾರದ ಹುಚ್ಚಿನಲ್ಲಿ ಐತವಾರದ ಮರುದಿನ ಸೋಮವಾರ ಬರುತ್ತದೆಂಬುದನ್ನು ಅವರು ಮರೆತೇಬಿಟ್ಟಿದ್ದರು. "ಅಲ್ಲೋ, ಇದು ಇಂಡಿಯಾ ಅದ. ಇಲ್ಲಿ ಸೂಟಿ ಐತವಾರ."

"ಅದು ನಿಮಗಿರ್ಬೇಕ್ರಿ. ಎತ್ತಿಗೆ ಸ್ವಾಮಾರ."

ಕಲ್ಯಾಣಪ್ಪನವರು ವಾದ ಮಾಡಬಹುದಿತ್ತು. ಆದರೆ ಕೊರಳಲ್ಲಿ ಲಿಂಗ ಇದ್ದವರು ಅವರು. ಊರಲ್ಲಿ ಸೋಮವಾರ ಗಳೆ ಹೂಡಿದ ಒಬ್ಬನನ್ನು ನಾಲ್ಕು ಮಂದಿಯ ಮುಂದೆ ಬೈದು ನೀರಿಳಿಸಿದವರು. ಆ ಬೈಗುಳವೆಲ್ಲ ಈಗ ಹೊಳೆ ದಾಟಿ ಬಂದು ಎದುರಿಗೆ ಕುಳಿತಂತಾಯಿತು. ಬರಿಗಾಲಲ್ಲಿ ಆ ಕೆಸರಿನಲ್ಲಿ ಊರಿನತನಕ ನಡೆಯುವ ಮಾತಂತೂ ಇರಲಿಲ್ಲ. ಅವರು ಬಾಯಿ ಮುಚ್ಚಿಕೊಂಡು ನೊಗದ ಮೇಲೆ ಕುಳಿತರು.

ಅಷ್ಟರಲ್ಲಿ ಮಳೆ ಕಡಿಮೆಯಾಯಿತು. ಹೊಳೆಯ ಆಚೆ ಮೊದಲು ಹುಡೇವು, ಆಮೇಲೆ ಗಿಡಗಳು ಒಂದೊಂದಾಗಿ ಮೂಡಿದವು. ಶಾರದಾಬಾಯಿ ಬಂಡೆಯ ಕಡೆ ನೋಡಿದರು.

"ಹೆಂಗೂ ಇವತ್ತ ಇಲ್ಲೇ ಅದೇವಿ. ಏರೋಣೇನ್ರಿ?"

ಹೊರಟದ್ದು ಇದಕ್ಕೇ ಆಗಿತ್ತು. ಆದರೆ ಆ ಮಾತು ಕೇಳುತ್ತಲೇ ಕಲ್ಯಾಣಪ್ಪನವರು ನೊಗದ ಮೇಲೆ ಇನ್ನಷ್ಟು ಗಟ್ಟಿಯಾಗಿ ಕುಳಿತರು. ಮನೆ ಸುಟ್ಟಿದೆ ಎಂದು ಅವರು ಯಾಕೆ ಅಷ್ಟು ಬೇಗ ಒಪ್ಪಿಕೊಂಡಿದ್ದರೋ ಅವರಿಗೆ ಮಾತ್ರ ಗೊತ್ತಿತ್ತು. ಹೋಯಿತು ಎಂದು ಮೊದಲೇ ನಂಬಿಬಿಟ್ಟರೆ ನೋಡುವಾಗ ನೋವು ಕಡಿಮೆಯಾದೀತೆಂಬ ಆಸೆ. ಸೋಲಾಪುರ, ಪತ್ರಾಸು, ಮಳೆಯ ಸಂಗೀತ, ಎಲ್ಲವೂ ಆ ಆಸೆಯ ಮೇಲೆ ಹೊದಿಸಿದ ಅರಿವೆ. ಅಜ್ಜ ಹಾಕಿಸಿದ ಬೇವಿನ ತೊಲೆಗಳು ಕರಿಯಾಗಿ ಬಿದ್ದದ್ದನ್ನು ಅವರು ದಿನಾ ರಾತ್ರಿ ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ಕಣ್ಣು ತೆರೆದು ನೋಡುವ ಧೈರ್ಯ ಇರಲಿಲ್ಲ.

ಆದರೂ ಗಂಡಸು ಎದ್ದರು. ಧೋತರ ಕಚ್ಚೆ ಬಿಗಿದರು. "ನನ್ನ ಹಿಂದ ಬಾ. ನಾ ಎಲ್ಲಿ ಕಾಲಿಡ್ತೇನಿ ಅಲ್ಲೇ ಇಡು. ಕೆಳಗ ನೋಡಬ್ಯಾಡ. ಅಂಜಿಕಿ ಬಂದ್ರ ನನ್ನ ಹೆಸರು ಹಿಡದು ಕರಿ, ಇಲ್ಲಿ ಯಾರೂ ಕೇಳಂಗಿಲ್ಲ."

ಹೀಗೆ ಉಪದೇಶ ಮಾಡುತ್ತ ಅವರು ಅರ್ಧ ಬಂಡೆ ಏರಿದರು. ಅಲ್ಲಿ ಪಾಚಿ ಇತ್ತು. ಬಲಗಾಲು ಜಾರಿತು. ಎಡಗಾಲು ಒಂದು ಸಂದಿಯಲ್ಲಿ ಸಿಕ್ಕಿತು. ಎರಡೂ ಕೈಯಿಂದ ಕಲ್ಲನ್ನು ಅಪ್ಪಿಕೊಂಡು, ಕೆನ್ನೆಯನ್ನು ಅದಕ್ಕೆ ಒತ್ತಿಕೊಂಡು ನಿಂತುಬಿಟ್ಟರು. ಮೇಲೆ ಹೋಗಲಾಗದು, ಕೆಳಗೆ ಇಳಿಯಲಾಗದು.

"ಯಾಕ್ರಿ?" ಎಂದು ಹಿಂದಿನಿಂದ ದನಿ ಬಂತು.

"ಏನಿಲ್ಲ. ದಮ್ಮು ತಗೊಳ್ಳಾಕತ್ತೇನಿ."

ಶಾರದಾಬಾಯಿ ಸ್ವಲ್ಪ ಹೊತ್ತು ಕಾದರು. ಆಮೇಲೆ ಸೀರೆಯ ನೆರಿಗೆ ಎತ್ತಿ ಕಟ್ಟಿ, ಪಕ್ಕದ ಬಿರುಕಿನಲ್ಲಿ ಕಾಲಿಟ್ಟು, ಗಂಡನನ್ನು ದಾಟಿಕೊಂಡು ಸರಸರನೆ ಮೇಲೆ ಹೋದರು.

"ಏ, ಹುಷಾರು! ನಿನಗೆಲ್ಲಿ ರೂಢಿ ಅದ?"

"ಈ ಗುಡ್ಡದ ಕೆಳಗ ನಮ್ಮಪ್ಪನ ಹೊಲ ಇತ್ರಿ. ಸಣ್ಣಾಕಿ ಇದ್ದಾಗ ದಿನಾ ಏರತಿದ್ದೆ. ನೀವೆಲ್ಲಿ ಕೇಳೀರಿ?"

ಕೆಳಗೆ ಎತ್ತು ಮೇಯಿಸುತ್ತಿದ್ದ ಗುರಣ್ಣ ಬೇರೆ ಕಡೆ ಮುಖ ತಿರುಗಿಸಿದ. ಮರ್ಯಾದೆಗೆಂದು ತಿರುಗಿಸಿದನೋ ನಗಲು ತಿರುಗಿಸಿದನೋ ತಿಳಿಯಲಿಲ್ಲ.

ಶಾರದಾಬಾಯಿ ಬಂಡೆಯ ನೆತ್ತಿಯ ಮೇಲೆ ನಿಂತು ಹುಡೇವಿನ ಹಿಂದೆ ತಮ್ಮ ಓಣಿಯನ್ನು ಹುಡುಕಿದರು.

"ಏನ ಕಾಣ್ತದ?" ಎಂದು ಕಲ್ಯಾಣಪ್ಪನವರು ಕಲ್ಲಿಗೇ ಕೇಳಿದರು, ತಲೆ ಎತ್ತಲು ಬರುತ್ತಿರಲಿಲ್ಲ. "ಸುಟ್ಟದೇನು? ಸುಟ್ಟಿದ್ರ ಸುಟ್ಟದ ಅಂತ ಹೇಳಿಬಿಡು. ನನಗೇನ ಆಗಂಗಿಲ್ಲ."

"ಓಣಿ ಬಾಯಾಗ ಎರಡು ಮನಿ ಕರ್ರಗ ಆಗ್ಯಾವ್ರಿ," ಎಂದರು ಶಾರದಾಬಾಯಿ ಮೆಲ್ಲಗೆ. ಸ್ವಲ್ಪ ತಡೆದು ಹೇಳಿದರು, "ನಮ್ಮದು ಅದ."

ಕಲ್ಯಾಣಪ್ಪನವರು ಕಲ್ಲನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡರು. ಕಲ್ಲು ತೊಯ್ದಿತ್ತು, ಅವರ ಕೆನ್ನೆಯೂ ತೊಯ್ದಿತ್ತು. ಯಾವುದು ಮಳೆಯ ನೀರೆಂದು ಕೇಳುವವರು ಹತ್ತಿರ ಯಾರೂ ಇರಲಿಲ್ಲ.

"ಮಾಳಿಗಿ ಮ್ಯಾಲ ಯಾರೋ ಅದಾರ್ರಿ," ಎಂದರು ಶಾರದಾಬಾಯಿ ಮತ್ತೆ.

"ಯಾರ ಅಂವ? ನಮ್ಮ ಮಾಳಿಗಿ ಮ್ಯಾಲ?"

"ತಡೀರಿ. ತಲಿ ಮ್ಯಾಲ ಬುಟ್ಟಿ ಅದ. ಕುಂಟಕೋತ ನಡೀತಾನ. ಲಾಡ್ಲೆಸಾಬ ಅದಾನ್ರಿ, ಅಂವನ!" ಲಾಡ್ಲೆಸಾಬನೆಂದರೆ ಗೋಡೆಗೆ ಗೋಡೆ ಹಚ್ಚಿದ ನೆರೆಮನೆಯವ. "ಬಾನುಬಿ ನಿಚ್ಚಣಿಕಿ ಮ್ಯಾಲ ನಿಂತು ಬುಟ್ಟಿ ಕೊಡಾಕತ್ಯಾಳ. ಗಂಡ ಹೆಂಡತಿ ಕೂಡಿ ನಮ್ಮ ಮಾಳಿಗಿಗೆ ಮಣ್ಣು ಹಾಕಾಕತ್ತಾರ." ಇಷ್ಟು ಹೇಳಿ ಶಾರದಾಬಾಯಿ ಅಳತೊಡಗಿದರು, ಅಳುತ್ತಲೇ ನಗತೊಡಗಿದರು.

"ಯಾವ ಕಡಿಗೆ ಹಾಕಾಕತ್ಯಾನ?"

"ಬೇವಿನ ಗಿಡದ ಕಡಿಗೆ."

"ಆ ಕಡಿಗೆ?" ಎಂದು ಚೀರಿದರು ಕಲ್ಯಾಣಪ್ಪನವರು. "ನೀರು ಇಳಿಯೂದ ಆ ಕಡಿಗೆ ಅದ. ಅಲ್ಲಿ ಎತ್ತರ ಮಾಡಿದ್ರ ನೀರೆಲ್ಲ ನಡುಮನಿಗೆ ಬರ್ತದ!"

ಆಮೇಲೆ ಏನಾಯಿತೋ ಗುರಣ್ಣನಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಸಂದಿಯಲ್ಲಿ ಸಿಕ್ಕ ಕಾಲು ಹೊರಗೆ ಬಂತು, ಪಾಚಿ ಎಲ್ಲಿ ಹೋಯಿತೋ ಹೋಯಿತು. ಕಲ್ಯಾಣಪ್ಪನವರು ನಾಲ್ಕು ಮೊಳ ಅಗಲದ ಬಂಡೆಯ ನೆತ್ತಿಯ ಮೇಲೆ ನಿಂತಿದ್ದರು, ಎರಡೂ ಕೈ ಬಾಯಿಗೆ ಹಚ್ಚಿಕೊಂಡು ತುಂಬಿದ ಭೀಮೆಯ ಆಚೆಗೆ ಕೂಗುತ್ತಿದ್ದರು. "ಏ ಲಾಡ್ಲ್ಯಾ! ಆ ಕಡಿಗೆ ಬ್ಯಾಡೋ! ಬಡಗಣ ಮೂಲಿಗೆ ಹಾಕೋ! ಹಾಕಿ ತುಳಿಯೋ!"

ಹೊಳೆಯ ಸದ್ದಿನಲ್ಲಿ ಆ ಕೂಗು ದಂಡೆಯನ್ನೂ ಮುಟ್ಟಲಿಲ್ಲ. ಲಾಡ್ಲೆಸಾಬ ಬುಟ್ಟಿ ಸುರಿದು, ಸೊಂಟ ನೆಟ್ಟಗೆ ಮಾಡಿ, ಬೇವಿನ ಗಿಡದ ಕಡೆಯೇ ನಿಧಾನವಾಗಿ ಮಣ್ಣು ತುಳಿಯತೊಡಗಿದ. ಕಲ್ಯಾಣಪ್ಪನವರು ಕೈ ಬೀಸಿದರು, ರುಮಾಲು ಬಿಚ್ಚಿ ಬೀಸಿದರು. ಕೊನೆಗೆ ಗಂಟಲು ಬಿದ್ದುಹೋಯಿತು.

ಶಾರದಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಗಂಡನ ಪಕ್ಕದಲ್ಲಿ ಕುಳಿತರು.

"ಸೋಲಾಪುರಕ್ಕ ಹೋಗೋರು ನೀವು. ನಿಮಗ್ಯಾಕ್ರಿ ಆ ಮಾಳಿಗಿ ಉಸಾಬರಿ?"

ಕಲ್ಯಾಣಪ್ಪನವರು ಲಾಡ್ಲೆಸಾಬನ ಮೇಲಿನ ಕಣ್ಣು ಕೀಳಲಿಲ್ಲ.

"ಹುಚ್ಚಿ," ಎಂದರು ಒಡೆದ ದನಿಯಲ್ಲಿ, "ಮನಿ ಸೋರಿದ್ರ, ಹೊಳಿ ಇಳಿದ ಮ್ಯಾಲ ನಾವು ಹೋಗಿ ಎಲ್ಲಿ ಮಲಗೂದು?"